ದಳವಾಯಿ ವಿಕ್ರಮರಾಯ: ಅಳಿದ ವ್ಯಕ್ತಿ, ಉಳಿದ ಪದವಿ

ಒಡೆಯರ ವಂಶಾವಳಿಯನ್ನು ಬಲ್ಲ ಮೈಸೂರಿಗರಲ್ಲೂ ದಳವಾಯಿ ವಿಕ್ರಮರಾಯನನ್ನು ಸ್ಮರಿಸುವವರು ವಿರಳ. ಬೆಟ್ಟದ ಚಾಮರಾಜ ಒಡೆಯರ ಅನೌರಸ ಪುತ್ರನೆನ್ನಲಾಗುವ ಈತನಿಗೆ ಸಿಂಹಾಸನದ ಹಕ್ಕಿರಲಿಲ್ಲ; ಸೇನೆ ಮಾತ್ರ ಕೈಯಲ್ಲಿತ್ತು. 1637ರಲ್ಲಿ ಶ್ರೀರಂಗಪಟ್ಟಣದಲ್ಲಿ ಪಟ್ಟವೇರಿದ ಇಮ್ಮಡಿ ರಾಜ ಒಡೆಯರು ಮರುವರ್ಷವೇ ವಿಷಪ್ರಯೋಗಕ್ಕೆ ಬಲಿಯಾದರು. ಚರಿತ್ರಕಾರರು ಬೆರಳು ತೋರುವುದು ವಿಕ್ರಮರಾಯನತ್ತ. ತೆರಕಣಾಂಬಿಯಿಂದ ಬಂದು ಅರಸರಾದ ಕಂಠೀರವ ನರಸರಾಜ ಒಡೆಯರು, ತಮ್ಮನ್ನೂ ಆಡಿಸಬಲ್ಲ ಆ ದಳವಾಯಿಯನ್ನು ಬಹುಬೇಗ ಕೊಲ್ಲಿಸಿದರು.

ಸೇಡು ತೀರಿತು, ರೋಗ ಉಳಿಯಿತು. ಅರಸನನ್ನೇ ಮೀರಬಲ್ಲ ಆ ಪದವಿಗೆ ಶಾಶ್ವತ ಅಂಕುಶ ಬೀಳಲಿಲ್ಲ. ಸುಮಾರು ಒಂದು ಶತಮಾನದ ತರುವಾಯ, 1734ರಲ್ಲಿ, ಕಳಲೆ ಮನೆತನದ ದಳವಾಯಿಗಳು ಚಾಮರಾಜ ಒಡೆಯರನ್ನೇ ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ತಳ್ಳಿದರು. ಅಪರಾಧಿಯನ್ನು ದಂಡಿಸಿ, ಅಪರಾಧಕ್ಕೆ ಆಸ್ಪದವಿತ್ತ ಅಧಿಕಾರವನ್ನು ಹಾಗೆಯೇ ಬಿಡುವುದು ಅರ್ಧ ನ್ಯಾಯವೆಂದೇ ನಾನು ಭಾವಿಸುತ್ತೇನೆ. ವಿಕ್ರಮರಾಯನನ್ನು ನಾವು ನೆನೆಯಬೇಕಾದುದು ಈ ಕಾರಣಕ್ಕಾಗಿ.