ವರ್ಷವನ್ನು ಸೂರ್ಯನಿಗೆ ಒಪ್ಪಿಸಿದ ಸೀಸರ್

ನಾಲ್ಕು ವರ್ಷಗಳಿಗೊಮ್ಮೆ ಫೆಬ್ರವರಿಗೆ ಒಂದು ದಿನ ಹೆಚ್ಚಾಗಿ ಸೇರುವುದನ್ನು ನಾವೆಲ್ಲರೂ ಬಲ್ಲೆವು. ಆ ಒಂದು ದಿನದ ಹಿಂದೆ ರೋಮಿನ ದಂಡನಾಯಕನೊಬ್ಬನ ತಪ್ಪೂ ಇದೆ, ಆ ತಪ್ಪಿನ ತಿದ್ದುಪಡಿಯೂ ಇದೆ ಎಂಬುದನ್ನು ನಾವು ನೆನೆಯುವುದು ಅಪರೂಪ. ಆತನೇ ಜೂಲಿಯಸ್ ಸೀಸರ್.

ಕ್ರಿ.ಪೂ. 100ರಲ್ಲಿ ಜನಿಸಿದ ಸೀಸರನು ಕ್ರಿ.ಪೂ. 63ರಲ್ಲಿ ರೋಮಿನ ಪ್ರಧಾನ ಯಾಜಕನಾಗಿ ಆರಿಸಿಬಂದನು. ವರ್ಷದ ಲೆಕ್ಕವನ್ನು ಕಾಯುವುದು ಆ ಯಾಜಕ ಮಂಡಳಿಯ ಹೊಣೆಯಾಗಿತ್ತು. ಅಂದಿನ ರೋಮನ್ ವರ್ಷಕ್ಕೆ ಕೇವಲ 355 ದಿನಗಳು. ಋತುಗಳೊಡನೆ ಅದನ್ನು ಹೊಂದಿಸಲು, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ, ಫೆಬ್ರವರಿಯನ್ನು 23 ಅಥವಾ 24ನೆಯ ದಿನಕ್ಕೆ ನಿಲ್ಲಿಸಿ 27 ದಿನಗಳ ಅಧಿಕ ಮಾಸವೊಂದನ್ನು ಸೇರಿಸುತ್ತಿದ್ದರು.

ಈ ಮಾಸವನ್ನು ಸೇರಿಸುವ, ಬಿಡುವ ಅಧಿಕಾರ ಯಾಜಕರದೇ ಆದುದರಿಂದ ಅದು ದುರುಪಯೋಗಕ್ಕೂ ದಾರಿಯಾಯಿತು. ವರ್ಷ ಹಿಗ್ಗಿದರೆ ಮಿತ್ರರ ಅಧಿಕಾರಾವಧಿ ಹಿಗ್ಗುತ್ತಿತ್ತು. ಕುಗ್ಗಿದರೆ ವಿರೋಧಿಗಳ ಅವಧಿ ಕುಗ್ಗುತ್ತಿತ್ತು. ದೂರದ ಸಿಲಿಸಿಯಾ ಪ್ರಾಂತ್ಯದ ಆಡಳಿತಕ್ಕೆ ಕ್ರಿ.ಪೂ. 51ರಲ್ಲಿ ಒಲ್ಲದ ಮನಸ್ಸಿನಿಂದ ತೆರಳಿದ ವಾಗ್ಮಿ ಸಿಸೆರೋ, ಅಧಿಕ ಮಾಸ ಸೇರಿ ತನ್ನ ಅವಧಿ ಬೆಳೆಯದಂತೆ ನೋಡಿಕೊಳ್ಳಲು ರೋಮಿನ ಮಿತ್ರನಿಗೆ ಪತ್ರಗಳಲ್ಲಿ ಬೇಡಿಕೊಂಡನು.

ಪ್ರಧಾನ ಯಾಜಕನಾದ ಸೀಸರನಾದರೋ ಕ್ರಿ.ಪೂ. 58ರಿಂದ ಗಾಲ್ ದೇಶದ ಯುದ್ಧಗಳಲ್ಲಿ, ಅನಂತರ ಅಂತರ್ಯುದ್ಧದಲ್ಲಿ ಮುಳುಗಿದ್ದನು. ಅಧಿಕ ಮಾಸ ಸೇರಿಸುವುದು ಬಹುಮಟ್ಟಿಗೆ ನಿಂತೇಹೋಯಿತು. ಕ್ರಿ.ಪೂ. 49ರ ಜನವರಿಯಲ್ಲಿ ಆತನು ರೂಬಿಕಾನ್ ಹೊಳೆಯನ್ನು ದಾಟಿದಾಗ ಋತುಮಾನ ಇನ್ನೂ ಶರತ್ಕಾಲದಲ್ಲಿತ್ತು. ಸುಗ್ಗಿಯ ಹಬ್ಬ ಸುಗ್ಗಿಯಲ್ಲಿ ಬಾರದೆ, ದ್ರಾಕ್ಷಿಯ ಹಬ್ಬ ದ್ರಾಕ್ಷಿಯ ಕಾಲಕ್ಕೆ ಒದಗದೆ ಹೋಯಿತು. ಈ ಗೊಂದಲದಲ್ಲಿ ಸೀಸರನ ಪಾಲೂ ಇತ್ತೆಂಬುದನ್ನು ನಾವು ಮರೆಯಲಾಗದು.

ಜಯಶಾಲಿಯಾಗಿ ಮರಳಿದ ಮೇಲೆ ಆತನು ಈ ಕಾರ್ಯಕ್ಕೆ ಕೈಹಚ್ಚಿದನು. ಅಲೆಕ್ಸಾಂಡ್ರಿಯಾದ ಖಗೋಳಜ್ಞ ಸೋಸಿಜಿನಿಸನ ಸಲಹೆ ಪಡೆದನು. ಕ್ರಿ.ಪೂ. 46ರಲ್ಲಿ ಫೆಬ್ರವರಿಯ ಬಳಿಕ 23 ದಿನಗಳನ್ನೂ, ನವೆಂಬರ್-ಡಿಸೆಂಬರ್ ನಡುವೆ ಎರಡು ಮಾಸಗಳಾಗಿ 67 ದಿನಗಳನ್ನೂ ಕೂಡಿಸಲಾಯಿತು. ಆ ಒಂದು ವರ್ಷ 445 ದಿನಗಳಷ್ಟು ದೀರ್ಘವಾಯಿತು! ಕ್ರಿ.ಪೂ. 45ರ ಜನವರಿ 1ರಿಂದ ವರ್ಷಕ್ಕೆ 365 ದಿನಗಳು, ನಾಲ್ಕು ವರ್ಷಗಳಿಗೊಮ್ಮೆ ಒಂದು ಅಧಿಕ ದಿನ ಎಂಬ ಕ್ರಮ ಜಾರಿಗೆ ಬಂದಿತು. ಅಧಿಕ ಮಾಸ ಇಲ್ಲವಾಯಿತು. ಅದರೊಂದಿಗೆ ವರ್ಷವನ್ನು ಮನಬಂದಂತೆ ಎಳೆಯುವ ಅಧಿಕಾರವೂ ಇಲ್ಲವಾಯಿತು. ಎಲ್ಲ ಅಧಿಕಾರವನ್ನೂ ತನ್ನಲ್ಲೇ ಕೂಡಿಸಿಕೊಂಡ ಸೀಸರನು ಈ ಒಂದನ್ನು ಮಾತ್ರ ತನ್ನ ಪೀಠದಿಂದ ಬಿಡಿಸಿ ಸೂರ್ಯನ ಗತಿಗೆ ಒಪ್ಪಿಸಿದನು.

ಕ್ರಿ.ಪೂ. 44ರ ಮಾರ್ಚ್ 15ರಂದು ಆತನ ಕೊಲೆಯಾಯಿತು. ಆತನು ಹುಟ್ಟಿದ ತಿಂಗಳಿಗೆ ಜುಲೈ ಎಂದು ಆತನದೇ ಹೆಸರು ಬಂದಿತು. ಬಳಿಕ ಯಾಜಕರು ಎಣಿಕೆ ತಪ್ಪಿ ಮೂರು ವರ್ಷಗಳಿಗೊಮ್ಮೆ ಅಧಿಕ ದಿನ ಸೇರಿಸತೊಡಗಿದರು. ಅದನ್ನು ಆಗಸ್ಟಸ್ ಚಕ್ರವರ್ತಿ ಸರಿಪಡಿಸಬೇಕಾಯಿತು.

ಸೀಸರನ ವರ್ಷವೂ ಪೂರ್ಣ ನಿಖರವಾಗಿರಲಿಲ್ಲ. ಅದು ಸೌರವರ್ಷಕ್ಕಿಂತ ಸುಮಾರು 11 ನಿಮಿಷ ದೀರ್ಘ. ಶತಮಾನಗಳಲ್ಲಿ ಆ ನಿಮಿಷಗಳು ದಿನಗಳಾಗಿ ಬೆಳೆದು ಪಾಸ್ಖ ಹಬ್ಬದ ಲೆಕ್ಕವನ್ನೇ ಕದಲಿಸಿದವು. ಆದುದರಿಂದ 1582ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು 10 ದಿನಗಳನ್ನು ಕೈಬಿಟ್ಟು, ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ವಿಧಿಸಿದರು. ಆವಿಲಾದ ಸಂತ ತೆರೇಸಾ ಅದೇ ರಾತ್ರಿ ನಿಧನ ಹೊಂದಿದರು. ಅವರ ಹಬ್ಬವನ್ನು ನಾವು ಅಕ್ಟೋಬರ್ 15ರಂದು ಆಚರಿಸುತ್ತೇವೆ.

ಹೊಣೆ ಹೊತ್ತವನು ಅದನ್ನು ಮರೆತರೆ ಹಬ್ಬವೂ ಹಾದಿ ತಪ್ಪುತ್ತದೆ. ಸೀಸರನು ಮರೆತನು, ಆದರೆ ತಿದ್ದಿದನು. ಮನೆಯ ಕ್ಯಾಲೆಂಡರಿನ ಹಾಳೆ ಮಗುಚುವಾಗ ಇಷ್ಟನ್ನು ನಾವು ನೆನೆದರೆ ಸಾಕು.