ಬೂಟ್ ಪಾಲಿಷ್ ಕಾರ್ಖಾನೆಯ ಹುಡುಗ ಚಾರ್ಲ್ಸ್ ಡಿಕನ್ಸ್

ಚಾರ್ಲ್ಸ್ ಡಿಕನ್ಸ್ ಅವರು ಇಂಗ್ಲಿಷ್ ಭಾಷೆಯ ಬಹಳ ದೊಡ್ಡ ಕಾದಂಬರಿಕಾರರು. ಇವರು 1812ನೇ ಇಸವಿ ಫೆಬ್ರವರಿ 7ರಂದು ಇಂಗ್ಲೆಂಡ್ ದೇಶದ ಪೋರ್ಟ್ಸ್‌ಮತ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ತಂದೆ ಜಾನ್ ಡಿಕನ್ಸ್, ನೌಕಾಪಡೆಯ ಸಂಬಳ ಬಟವಾಡೆ ಮಾಡುವ ಆಫೀಸಿನಲ್ಲಿ ಗುಮಾಸ್ತರು. ತಾಯಿ ಎಲಿಜಬೆತ್. ಎಂಟು ಜನ ಮಕ್ಕಳಲ್ಲಿ ಚಾರ್ಲ್ಸ್ ಎರಡನೆಯವರು. ಇವರಿಗೆ ಓದು ಬರಹ ಮೊದಲು ಕಲಿಸಿದ್ದು ತಾಯಿಯೇ. ಇದನ್ನು ಜ್ಞಾಪಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಷ್ಟು ಪುಸ್ತಕ ಬರೆದರು ಅಂತ ಪಟ್ಟಿ ಕೊಡಬಹುದಿತ್ತು. ನಾನು ಕೊಡುವುದಿಲ್ಲ. ಅವರಿಗೆ 12 ವರ್ಷವಾದಾಗ ಏನು ನಡೆಯಿತು, ಆಗ ಸುತ್ತ ಇದ್ದ ಜನ ಆಮೇಲೆ ಅವರ ಕಾದಂಬರಿಗಳ ಒಳಗೆ ಯಾವ ಯಾವ ವೇಷದಲ್ಲಿ ಬಂದರು ಎಂಬುದನ್ನು ಮಾತ್ರ ಬರೆಯುತ್ತೇನೆ. ಚಿಕ್ಕವರಿದ್ದಾಗಿನ ಮಾತು ಬಂದ ಕಡೆ 'ಅವನು' ಅಂತಲೇ ಬರೆದಿದ್ದೇನೆ. ನಮಗಿಂತ ಒಂದು ವರ್ಷ ಚಿಕ್ಕ ಹುಡುಗನನ್ನು ಬಹುವಚನದಲ್ಲಿ ಕರೆಯಲು ಬಾಯಿ ಬರುವುದಿಲ್ಲ.

ಜಾನ್ ಡಿಕನ್ಸ್ ಒಳ್ಳೆಯ ಮನುಷ್ಯರು, ಆದರೆ ಕೈ ಬಿಗಿ ಇರಲಿಲ್ಲ. 1822ರಲ್ಲಿ ಸಂಸಾರ ಲಂಡನ್ನಿಗೆ ಬಂತು, ಸಾಲವೂ ಜೊತೆಗೇ ಬಂತು. ಮನೆಯ ಸಾಮಾನು ಒಂದೊಂದೇ ಹೋಯಿತು. ಚಾರ್ಲ್ಸ್ ಓದಿ ಓದಿ ಪ್ರೀತಿಸಿದ್ದ ಪುಸ್ತಕಗಳೂ ಹೋದವು. ಅವನ್ನು ಹೊತ್ತುಕೊಂಡು ಹೋಗಿ ಮಾರಿ ಬಂದವನೂ ಅವನೇ. 1824ರ ಫೆಬ್ರವರಿಯಲ್ಲಿ ಬ್ರೆಡ್ ಅಂಗಡಿಯವನಿಗೆ ಕೊಡಬೇಕಾದ 40 ಪೌಂಡ್ ಚಿಲ್ಲರೆ ಬಾಕಿಗಾಗಿ ಜಾನ್ ಡಿಕನ್ಸರನ್ನು ಮಾರ್ಷಲ್‌ಸೀ ಎಂಬ ಜೈಲಿಗೆ ಹಾಕಿದರು. ಆ ಕಾಲದಲ್ಲಿ ಅಲ್ಲಿ ಸಾಲ ತೀರಿಸದಿದ್ದರೆ ಜೈಲು. ನಮ್ಮ ಕಡೆಯೂ ಹಾಗಿದ್ದರೆ ಅಂಗಡಿಯ ಖಾತೆ ಪುಸ್ತಕದಲ್ಲಿ ಹೆಸರಿರುವ ಅರ್ಧ ಊರು ಒಳಗಿರುತ್ತಿತ್ತು! ಸ್ವಲ್ಪ ದಿನದಲ್ಲಿ ತಾಯಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಜೈಲಿನಲ್ಲೇ ಸಂಸಾರ ಹೂಡಿದರು. ಅಕ್ಕ ಫ್ಯಾನಿ ಸಂಗೀತ ಶಾಲೆಯಲ್ಲಿದ್ದಳು. ಚಾರ್ಲ್ಸ್ ಒಬ್ಬನೇ ಬೇರೆಯವರ ಮನೆಯಲ್ಲಿ ಉಳಿದ.

ಇದಕ್ಕೆ ಕೆಲವೇ ದಿನ ಮುಂಚೆ ಅವನಿಗೆ ನೆಂಟರೊಬ್ಬರ ಮೂಲಕ ವಾರೆನ್ ಎಂಬ ಹೆಸರಿನ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಥೇಮ್ಸ್ ನದಿ ದಡದ ಹಳೆಯ ಮುರುಕಲು ಕಟ್ಟಡ, ತುಂಬ ಇಲಿಗಳು. ಪಾಲಿಷ್ ತುಂಬಿದ ಕುಡಿಕೆಯ ಬಾಯಿಗೆ ಎಣ್ಣೆ ಕಾಗದ ಮುಚ್ಚಬೇಕು, ಅದರ ಮೇಲೆ ನೀಲಿ ಕಾಗದ, ದಾರ ಸುತ್ತಿ ಅಂಚು ಕತ್ತರಿಸಬೇಕು, ಕೊನೆಗೆ ಹೆಸರಿನ ಚೀಟಿ ಅಂಟಿಸಬೇಕು. ದಿನಕ್ಕೆ 10 ಗಂಟೆ ಕೆಲಸ, ವಾರಕ್ಕೆ ಆರೇಳು ಶಿಲಿಂಗ್ ಕೂಲಿ.

ಆ ಕೆಲಸ ಹೇಳಿಕೊಟ್ಟವನು ಬಾಬ್ ಫೇಗಿನ್ ಎಂಬ ಹುಡುಗ. ಅವನಿಗೆ ತಂದೆ ತಾಯಿ ಇಲ್ಲ, ದೋಣಿ ನಡೆಸುವ ಭಾವನ ಮನೆಯಲ್ಲಿದ್ದ. ಅಲ್ಲಿಯ ಹುಡುಗರು ಚಾರ್ಲ್ಸನನ್ನು ಚಿಕ್ಕ ಸಾಹೇಬ ಎನ್ನುವ ಹಾಗೆ ಕರೆಯುತ್ತಿದ್ದರು. ಒಬ್ಬನು ಅದಕ್ಕೆ ತಕರಾರು ಮಾಡಿದಾಗ ಬಾಬನೇ ಅವನ ಬಾಯಿ ಮುಚ್ಚಿಸಿದ. ಒಂದು ದಿನ ಚಾರ್ಲ್ಸನಿಗೆ ಪಕ್ಕೆ ನೋವು ಬಂತು. ಬಾಬ್ ಹುಲ್ಲಿನ ಮೇಲೆ ಮಲಗಿಸಿ, ಖಾಲಿ ಬಾಟ್ಲಿಗಳಿಗೆ ಬಿಸಿನೀರು ತುಂಬಿ ಅರ್ಧ ದಿನ ಶಾಖ ಕೊಟ್ಟ. ಸಾಯಂಕಾಲ ಮನೆತನಕ ಬಿಟ್ಟು ಬರುತ್ತೇನೆ ಎಂದು ಹೊರಟ. ಆದರೆ ಚಾರ್ಲ್ಸನ ಅಪ್ಪ ಅಮ್ಮ ಇರುವುದು ಜೈಲಿನಲ್ಲಿ! ಅದನ್ನು ಹೇಗೆ ಹೇಳುವುದು? ಬೇಡ ಎಂದರೂ ಬಾಬ್ ಬಿಡಲಿಲ್ಲ. ಕೊನೆಗೆ ಸದರ್ಕ್ ಸೇತುವೆ ಹತ್ತಿರ ಯಾರದೋ ಮನೆಯ ಮೆಟ್ಟಿಲ ಬಳಿ ಇದೇ ನಮ್ಮ ಮನೆ ಎಂದು ಕೈಕುಲುಕಿ ಕಳಿಸಿದ. ಬಾಬ್ ತಿರುಗಿ ನೋಡಿಬಿಟ್ಟರೆ ಅಂತ ಬಾಗಿಲನ್ನೂ ತಟ್ಟಿದ. ಒಬ್ಬ ಹೆಂಗಸು ಬಂದಾಗ, ಇದು ರಾಬರ್ಟ್ ಫೇಗಿನ್ ಅವರ ಮನೆಯೇ ಎಂದು ಕೇಳಿದನಂತೆ. ಓದಿದಾಗ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ತಂದೆ ಸುಮಾರು ಮೂರು ತಿಂಗಳಿಗೆ ಬಿಡುಗಡೆಯಾದರು. ಚಾರ್ಲ್ಸನಿಗೆ ಬಿಡುಗಡೆ ಇಲ್ಲ. ಕಾರ್ಖಾನೆ ಬೇರೆ ಬೀದಿಗೆ ಹೋದ ಮೇಲೆ ಅವನು ಕಿಟಕಿ ಪಕ್ಕ ಕೂತು ಕಾಗದ ಕಟ್ಟುವುದನ್ನು ದಾರಿಹೋಕರು ನಿಂತು ನೋಡುತ್ತಿದ್ದರು. ಕೊನೆಗೆ ತಂದೆಗೂ ಆ ನೆಂಟರಿಗೂ ಜಗಳವಾಗಿ ಕೆಲಸ ಬಿಡಿಸಿದರು. ತಾಯಿ ಮಾರನೇ ದಿನವೇ ಹೋಗಿ ರಾಜಿ ಮಾಡಿಕೊಂಡು ಬಂದರು, ಹುಡುಗನನ್ನು ಮತ್ತೆ ಕಳಿಸೋಣ ಎಂದರು. ತಂದೆ ಒಪ್ಪದೆ ಶಾಲೆಗೆ ಹಾಕಿದರು. ಈ ಒಂದು ವಿಷಯವನ್ನು ಡಿಕನ್ಸ್ ಸಾಯುವವರೆಗೂ ಮರೆಯಲಿಲ್ಲ. ಸಾಲ ಮಾಡಿದ ಅಪ್ಪನನ್ನು ಕ್ಷಮಿಸಿದರು, ಅಮ್ಮನನ್ನು ಕ್ಷಮಿಸಲಿಲ್ಲ.

ನನಗೆ ಇದು ಪೂರ್ತಿ ಸರಿ ಅನ್ನಿಸುವುದಿಲ್ಲ. ಅಪ್ಪ ಖರ್ಚು ಮಾಡಿದರು, ಜೈಲಿನಲ್ಲಿ ಮಕ್ಕಳಿಗೆ ಊಟ ಹೊಂದಿಸಿದವರು ಅಮ್ಮ. ಆ ಆರೇಳು ಶಿಲಿಂಗ್‌ನ ಲೆಕ್ಕ ಅವರ ತಲೆಯಲ್ಲಿರದೆ ಇನ್ಯಾರ ತಲೆಯಲ್ಲಿರಬೇಕು? ಆದರೆ ಚಾರ್ಲ್ಸನ ಕಡೆಯಿಂದ ನೋಡಿದರೆ, ಅಕ್ಷರ ಕಲಿಸಿದ ಅಮ್ಮನೇ ಪುಸ್ತಕ ಬಿಟ್ಟು ಕುಡಿಕೆ ಕಟ್ಟಲು ಹೋಗು ಎಂದಾಗ ಬೇರೆ ಯಾರು ಹೇಳಿದ್ದಕ್ಕಿಂತಲೂ ಹೆಚ್ಚು ಉರಿಯುತ್ತದೆ.

ಮುಂದೆ ಅವರು ವಕೀಲರ ಬಳಿ ಗುಮಾಸ್ತರಾದರು, ಶೀಘ್ರಲಿಪಿ ಕಲಿತು ಪಾರ್ಲಿಮೆಂಟಿನ ವರದಿಗಾರರಾದರು. 1836ರಲ್ಲಿ ಶುರುವಾದ ಪಿಕ್ವಿಕ್ ಪೇಪರ್ಸ್‌ನಿಂದ 24–25ನೇ ವಯಸ್ಸಿಗೇ ಹೆಸರುವಾಸಿಯಾದರು. ಅದೇ ವರ್ಷ ಮದುವೆ, ಮುಂದೆ 10 ಮಕ್ಕಳು.

ಈಗ ವೇಷಗಳ ವಿಷಯ. ನಿಕೋಲಸ್ ನಿಕಲ್ಬಿ ಕಾದಂಬರಿಯಲ್ಲಿ ಒಬ್ಬ ತಾಯಿ ಇದ್ದಾಳೆ, ಸುಮ್ಮನೆ ಹರಟುತ್ತಾಳೆ, ಬುದ್ಧಿ ಕಡಿಮೆ. ಅದು ಅವರ ಅಮ್ಮನೇ. ತಮಾಷೆ ಅಂದರೆ ಅಮ್ಮ ಅದನ್ನು ಓದಿ, ಇಂಥ ಹೆಂಗಸು ಲೋಕದಲ್ಲಿ ಇರುತ್ತಾಳಾ ಎಂದು ಮಗನನ್ನೇ ಕೇಳಿದರಂತೆ! 1849–50ರಲ್ಲಿ ಬಂದ ಡೇವಿಡ್ ಕಾಪರ್‌ಫೀಲ್ಡ್ ಅವರದೇ ಕಥೆ. ಸಿ.ಡಿ. ತಿರುಗಿಸಿದರೆ ಡಿ.ಸಿ. (ಜಿಲ್ಲಾಧಿಕಾರಿ ಅಲ್ಲ). ಅದರಲ್ಲಿ ಅಪ್ಪನನ್ನು ಎರಡು ಭಾಗ ಮಾಡಿದ್ದಾರೆ ಎಂದು ನನ್ನ ಅಭಿಪ್ರಾಯ. ಹುಡುಗನನ್ನು ಕೆಲಸಕ್ಕೆ ತಳ್ಳುವವನು ಕ್ರೂರಿಯಾದ ಮಲತಂದೆ. ಸಾಲ ಮಾಡಿ ಜೈಲಿಗೆ ಹೋಗುವವನು ಮಿಕಾಬರ್, ನಾಳೆ ಏನಾದರೂ ಒಳ್ಳೆಯದಾಗುತ್ತದೆ ಎಂದು ಕಾಯುವ ಸಂತೋಷದ ಮನುಷ್ಯ. ಹೀಗೆ ಮಾಡಿದರೆ ಒಬ್ಬನನ್ನು ದ್ವೇಷಿಸಬಹುದು, ಇನ್ನೊಬ್ಬನನ್ನು ಪ್ರೀತಿಸಬಹುದು. ಸಾಲ ಮಾತ್ರ ಆ ಮನೆ ಬಿಡಲಿಲ್ಲ. ಡಿಕನ್ಸರ ಮಗ ವಾಲ್ಟರ್ ಸೈನ್ಯ ಸೇರಿ ನಮ್ಮ ದೇಶಕ್ಕೆ ಬಂದು, 1863ರ ಡಿಸೆಂಬರ್ 31ರಂದು ಕಲ್ಕತ್ತದಲ್ಲಿ ಸಾಲ ಉಳಿಸಿಯೇ ತೀರಿಕೊಂಡ.

ಬಾಬ್ ಫೇಗಿನ್ ಎಲ್ಲಿ ಬಂದ? ಆಲಿವರ್ ಟ್ವಿಸ್ಟ್‌ನಲ್ಲಿ. ಅನಾಥ ಹುಡುಗರಿಗೆ ಜೇಬು ಕತ್ತರಿಸುವುದನ್ನು ಕಲಿಸಿ, ಕೊನೆಗೆ ಗಲ್ಲಿಗೆ ಹೋಗುವ ದುಷ್ಟ ಮುದುಕನ ಹೆಸರು ಫೇಗಿನ್! ಶಾಖ ಕೊಟ್ಟವನ ಹೆಸರನ್ನು ಕಳ್ಳರ ಗುರುವಿಗೆ ಇಟ್ಟರು. ಇದನ್ನು ತಿಳಿದಾಗ ನನಗೆ ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ. ಕಥೆಯ ಫೇಗಿನ್ ಕೂಡ ಹಸಿದು ಬಂದ ಆಲಿವರನಿಗೆ ಮೊದಲು ಊಟ ಕೊಡುತ್ತಾನೆ, ಮಲಗಲು ಜಾಗ ಕೊಡುತ್ತಾನೆ. ಕಾರ್ಖಾನೆಯಲ್ಲಿ ಎಲ್ಲರೂ ಹೊಡೆದು ಬಡಿದು ಮಾಡಿದ್ದರೆ ಚಾರ್ಲ್ಸನಿಗೆ ಓಡಿಹೋಗುವ ಮನಸ್ಸು ಗಟ್ಟಿಯಾಗಿರುತ್ತಿತ್ತು. ಬಾಬನ ಪ್ರೀತಿಗೆ ಒಗ್ಗಿಕೊಂಡರೆ ಅವನೂ ಜನ್ಮಪೂರ್ತಿ ಕುಡಿಕೆ ಕಟ್ಟುವ ಹುಡುಗನೇ ಆಗಿಬಿಡುತ್ತಿದ್ದ. ಅವನಿಗೆ ಹೆದರಿಕೆ ಆಗಿದ್ದು ಬಾಬನ ಕೆಟ್ಟತನಕ್ಕಲ್ಲ, ಒಳ್ಳೆಯತನಕ್ಕೆ. ಹೀಗಿದ್ದರೂ ಬಾಬನಿಗೆ ಅನ್ಯಾಯವಾಯಿತು ಎಂಬ ನನ್ನ ಮಾತು ಮಾತೇ.

ಇಷ್ಟೆಲ್ಲವನ್ನು ಡಿಕನ್ಸ್ ತಮ್ಮ ಮಕ್ಕಳಿಗೆ ಹೇಳಲೇ ಇಲ್ಲ. ಗೆಳೆಯ ಜಾನ್ ಫಾರ್ಸ್ಟರ್ ಕೈಗೆ ಮಾತ್ರ ಬರೆದು ಕೊಟ್ಟಿದ್ದರು. 1869ರ ಕ್ರಿಸ್‌ಮಸ್‌ನಲ್ಲಿ ಮನೆಯವರು ಜ್ಞಾಪಕಶಕ್ತಿಯ ಆಟ ಆಡಿದರು. ಒಬ್ಬೊಬ್ಬರು ಒಂದೊಂದು ಮಾತು ಸೇರಿಸುತ್ತ, ಹಿಂದಿನದನ್ನೆಲ್ಲ ಒಪ್ಪಿಸಬೇಕು. ಡಿಕನ್ಸರ ಸರದಿ ಬಂದಾಗ ಅವರು ಎಲ್ಲವನ್ನೂ ಒಪ್ಪಿಸಿ, ಕೊನೆಗೆ ವಾರೆನ್ ಬೂಟ್ ಪಾಲಿಷ್, ಸ್ಟ್ರಾಂಡ್ ಬೀದಿ, 30ನೇ ನಂಬರು ಎಂದು ವಿಚಿತ್ರ ದನಿಯಲ್ಲಿ ಸೇರಿಸಿದರು. ಯಾರಿಗೂ ಅರ್ಥವಾಗಲಿಲ್ಲ, ಆಟ ಮುಂದುವರಿಯಿತು. 1870ರ ಜೂನ್ 9ರಂದು ಅವರು ತೀರಿಕೊಂಡರು. ಒಂದೆರಡು ವರ್ಷದಲ್ಲಿ ಫಾರ್ಸ್ಟರ್ ಬರೆದ ಜೀವನಚರಿತ್ರೆ ಹೊರಬಂದಾಗ ಮಕ್ಕಳು ಅದನ್ನು ಓದಿ, ಅಪ್ಪ ಆ ದಿನ ಆಟದಲ್ಲಿ ಹೇಳಿದ ವಿಳಾಸ ಯಾವುದೆಂದು ತಿಳಿದರು.