ಅಂತರ್ಜಲಕ್ಕೆ ಲೆಕ್ಕ ಕಲಿಸಿದ ಹೆನ್ರಿ ಡಾರ್ಸಿ

ಬಾವಿಯಲ್ಲಿ ನೀರು ಎಷ್ಟು ಆಳಕ್ಕೆ ಸಿಕ್ಕಿತು ಎಂದು ಎಲ್ಲರೂ ವಿಚಾರಿಸುತ್ತಾರೆ. ತೆಗೆದಷ್ಟು ನೀರು ಮತ್ತೆ ಎಷ್ಟು ಬೇಗ ಒಸರಿ ಬರುತ್ತದೆ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಗಣಿತದ ಆಧಾರ ಒದಗಿಸಿದವನು ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ.

ಡಾರ್ಸಿ ಜನಿಸಿದ್ದು 1803ರ ಜೂನ್ 10ರಂದು, ಡಿಜೋನ್ ನಗರದಲ್ಲಿ. 14ರ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಪ್ಯಾರಿಸ್ಸಿನಲ್ಲಿ ಇಂಜಿನಿಯರಿಂಗ್ ಶಿಕ್ಷಣ ಮುಗಿಸಿ, ಸರ್ಕಾರಿ ಇಂಜಿನಿಯರನಾಗಿ ತವರಿಗೆ ಮರಳಿದ. ಆಗ ಡಿಜೋನ್ ಕೊಳಕು ನೀರಿಗೆ ಕುಖ್ಯಾತವಾಗಿತ್ತು. ನಗರದೊಳಗೆ ಕೊರೆಸಿದ ಆಳದ ಬಾವಿಯಲ್ಲಿ ನೀರು ಬಂದರೂ ಊರಿಗೆ ಸಾಲಲಿಲ್ಲ. ಡಾರ್ಸಿ ರೊಸ್ವಾರ್ ಚಿಲುಮೆಯ ನೀರನ್ನು 12 ಕಿ.ಮೀ.ಗೂ ಉದ್ದದ ಮುಚ್ಚಿದ ಕಾಲುವೆಯಲ್ಲಿ, ಪಂಪುಗಳ ನೆರವಿಲ್ಲದೆ, ಕೇವಲ ಇಳಿಜಾರಿನ ಬಲದಿಂದ ಊರಿಗೆ ತಂದ. 1840ರ ಸೆಪ್ಟೆಂಬರಿನಲ್ಲಿ ನೀರು ಡಿಜೋನ್ ತಲುಪಿತು. ಸಲ್ಲಬೇಕಿದ್ದ ಸಂಭಾವನೆಯನ್ನು ಆತ ನಿರಾಕರಿಸಿದ. ಒಪ್ಪಿಕೊಂಡದ್ದು ಒಂದು ಚಿನ್ನದ ಪದಕ ಮತ್ತು ಮನೆಗೆ ಉಚಿತ ನೀರು. ಗುತ್ತಿಗೆಗಳ ಕಾಲದಲ್ಲಿರುವ ನಮಗೆ ಇದು ಕಟ್ಟುಕತೆಯಂತೆ ಕೇಳಿಸೀತು.

1848ರ ರಾಜಕೀಯ ಕ್ಷೋಭೆ ಆತನನ್ನು ಡಿಜೋನ್‌ನಿಂದ ಹೊರದೂಡಿತು. ಪ್ಯಾರಿಸ್ಸಿನಲ್ಲಿ ದುಡಿದು, ಆರೋಗ್ಯ ಕೆಟ್ಟ ಮೇಲೆ ಸಂಶೋಧನೆಯತ್ತ ತಿರುಗಿದ. ನೀರು ಸೋಸುವ ಮರಳಿನ ಹಾಸು ಎಷ್ಟು ದೊಡ್ಡದಿರಬೇಕು ಎಂಬುದೇ ಆತನ ಮುಂದಿದ್ದ ಪ್ರಶ್ನೆ. 1855 ಮತ್ತು 1856ರಲ್ಲಿ ಡಿಜೋನ್‌ನ ಆಸ್ಪತ್ರೆಯೊಂದರಲ್ಲಿ ಲೋಹದ ಎತ್ತರದ ಕೊಳವೆಗೆ ಮರಳು ತುಂಬಿ, ನೀರು ಹಾಯಿಸಿ, ಅಳೆದು ನೋಡಲಾಯಿತು. ಮೇಲೆ ಕೆಳಗಿನ ನೀರಿನ ಮಟ್ಟಗಳ ಅಂತರ ಇಮ್ಮಡಿಯಾದರೆ ಹರಿವೂ ಇಮ್ಮಡಿ. ಮರಳಿನ ದಪ್ಪ ಇಮ್ಮಡಿಯಾದರೆ ಹರಿವು ಅರ್ಧ. ಉಳಿದದ್ದೆಲ್ಲ ಮಣ್ಣಿನ ಗುಣ. ಜೇಡಿಮಣ್ಣು ನೀರನ್ನು ಧಾರಾಳವಾಗಿ ಹಿಡಿದಿಟ್ಟುಕೊಂಡರೂ ಬಿಟ್ಟುಕೊಡುವುದರಲ್ಲಿ ಮಹಾ ಜಿಪುಣ, ಮರಳು ಹಾಗಲ್ಲ. ಕರ್ನಾಟಕದ ಬಹುಭಾಗದಲ್ಲಿರುವ ಗಟ್ಟಿ ಶಿಲೆಯಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಮರಳಿನಲ್ಲಿ ಹುಟ್ಟಿದ ಈ ನಿಯಮವನ್ನು ಇಲ್ಲಿ ಎಚ್ಚರದಿಂದಲೇ ಬಳಸಬೇಕು.

ಡಿಜೋನ್‌ನ ಸಾರ್ವಜನಿಕ ಕಾರಂಜಿಗಳನ್ನು ಕುರಿತು 1856ರಲ್ಲಿ ಪ್ರಕಟವಾದ ಬೃಹತ್ ಗ್ರಂಥದ ಕೊನೆಯಲ್ಲಿ, ಅನುಬಂಧವಾಗಿ, ಈ ನಿಯಮ ಸೇರಿತು. ಅದರಿಂದ ಅಂತರ್ಜಲ ವಿಜ್ಞಾನವೇ ಬೆಳೆದದ್ದನ್ನು ಕಾಣಲು ಡಾರ್ಸಿ ಉಳಿಯಲಿಲ್ಲ. 1858ರ ಜನವರಿ 3ರಂದು, 54ರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ನಿಧನನಾದ. ಡಿಜೋನ್‌ನಲ್ಲಿ ಆತ ಕಟ್ಟಿಸಿದ ಜಲಾಗಾರದ ಬಳಿಯ ಚೌಕಕ್ಕೆ ಇಂದು ಡಾರ್ಸಿಯ ಹೆಸರಿದೆ. ಬಂಡೆಯೊಂದು ದ್ರವವನ್ನು ಎಷ್ಟು ಸಲೀಸಾಗಿ ಹಾಯಲು ಬಿಡುತ್ತದೆಂಬುದನ್ನು ಅಳೆಯಲು ತೈಲ ತಂತ್ರಜ್ಞರು ಬಳಸುವ ಮಾನಕ್ಕೂ ಅದೇ ಹೆಸರು.